ಪೂರ್ವಗೃಹೀತ ಮತ್ತು ಪೂರ್ವಗ್ರಹ: ಕನ್ನಡದಲ್ಲಿ ಕ್ರೈಸ್ತ ನಂಬಿಕೆಯ ಸಮರ್ಥನೆ

ದೆಹಲಿಯ ಓಲ್ಡ್ ರಾಜಿಂದರ್ ನಗರ ದೇಶವಿಭಜನೆಯ ತರುವಾಯ ಪಶ್ಚಿಮ ಪಂಜಾಬಿನಿಂದ ಬಂದ ನಿರಾಶ್ರಿತರಿಗಾಗಿ ಏರ್ಪಟ್ಟ ಬಡಾವಣೆ. ಈಗ ಅದು ನಾಗರಿಕ ಸೇವಾ ಪರೀಕ್ಷೆಗೆ ಸಿದ್ಧರಾಗುವ ತರುಣ ತರುಣಿಯರ ಬೀಡು. ಬಡಾ ಬಜಾರ್ ರಸ್ತೆಯ ಜೆರಾಕ್ಸ್ ಅಂಗಡಿಗಳಲ್ಲಿ ಅರಿಸ್ಟಾಟಲನಿಂದ ಅಂಬೇಡ್ಕರರವರೆಗೆ ಎಲ್ಲರೂ ಟಿಪ್ಪಣಿಗಳಾಗಿ ದೊರೆಯುತ್ತಾರೆ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿರುವುದರಿಂದ, ತತ್ತ್ವಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡು ಕನ್ನಡದಲ್ಲಿಯೇ ಬರೆಯಹೊರಟವರೂ ಅಲ್ಲಿ ಕೆಲವರಿದ್ದಾರೆ. ಆ ವಿಷಯದ ಎರಡನೆಯ ಪತ್ರಿಕೆಯಲ್ಲಿ ಧರ್ಮದ ತತ್ತ್ವಶಾಸ್ತ್ರ ಎಂಬ ಭಾಗವಿದೆ. ದೇವರ ಅಸ್ತಿತ್ವಕ್ಕೆ ಕೊಡುವ ಪ್ರಮಾಣಗಳು, ತರ್ಕ, ಪ್ರಕಟನೆ ಮತ್ತು ಶ್ರದ್ಧೆಗಳ ಸಂಬಂಧ, ಧಾರ್ಮಿಕ ಭಾಷೆಯ ಸ್ವರೂಪ ಮುಂತಾದುವು ಅದರ ಪಠ್ಯ. ಆ ಬಡಾವಣೆಯ ಒಂದು ಬಾಡಿಗೆ ಕೋಣೆಯಲ್ಲಿ ಇಂಥ ಕೆಲವರೊಡನೆ ಮಾತನಾಡುತ್ತಿದ್ದಾಗ, ದಕ್ಷಿಣ ಕನ್ನಡದ ಪ್ರೊಟೆಸ್ಟಂಟ್ ಮನೆತನದಿಂದ ಬಂದ ಅಭ್ಯರ್ಥಿಯೊಬ್ಬರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. “ಸರ್, ಕ್ರೈಸ್ತ ನಂಬಿಕೆ ಕೆಲವು ಪೂರ್ವಗೃಹೀತಗಳಿಂದ ಹೊರಡುತ್ತದೆ ಅಂತ ಉತ್ತರದಲ್ಲಿ ಬರೆದರೆ, ಅದು ಪೂರ್ವಗ್ರಹ ಅಂತ ನಾನೇ ಒಪ್ಪಿಕೊಂಡ ಹಾಗೆ ಆಗುವುದಿಲ್ಲವಾ?”

ಪ್ರಶ್ನೆ ಪರೀಕ್ಷೆಯ ಅಂಕಗಳಿಗೆ ಸಂಬಂಧಿಸಿದ್ದಂತೆ ಕಂಡರೂ ಅದರ ಹಿಂದೆ ಇದ್ದ ಅಳುಕು ಅಂಕಗಳಿಗೆ ಸಂಬಂಧಿಸಿದುದಾಗಿರಲಿಲ್ಲ. ಕನ್ನಡದಲ್ಲಿ ಈ ಎರಡು ಶಬ್ದಗಳೂ ಒಂದೇ ಧಾತುವಿನಿಂದ ಬಂದವು. ಪೂರ್ವಗೃಹೀತವೆಂದರೆ ವಾದ ಆರಂಭವಾಗುವ ಮೊದಲೇ ಒಪ್ಪಿಕೊಂಡ ನೆಲೆ. ಅದಿಲ್ಲದೆ ಯಾವ ವಾದವೂ ಹೊರಡಲಾರದು. ಪೂರ್ವಗ್ರಹವೆಂದರೆ ಎದುರಿನವನ ಮಾತನ್ನು ಕೇಳುವ ಮೊದಲೇ ಮುಗಿಸಿಬಿಟ್ಟ ತೀರ್ಮಾನ. ಮೊದಲನೆಯದು ತರ್ಕದ ಅಗತ್ಯ, ಎರಡನೆಯದು ನಡತೆಯ ದೋಷ. ಆದರೆ ಆಡುಮಾತಿನಲ್ಲಿಯೂ ಪತ್ರಿಕೆಗಳ ಬರೆಹದಲ್ಲಿಯೂ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತದೆ. ಯಾರ ನಂಬಿಕೆಗೆ ಸಮರ್ಥನೆ ಬೇಕೆಂದು ಸಮಾಜ ಕೇಳುತ್ತದೆಯೋ ಅವರ ಪಾಲಿಗೆ ಈ ಗೊಂದಲ ಬರಿಯ ಶಬ್ದದ ಗೊಂದಲವಲ್ಲ. ಕನ್ನಡದಲ್ಲಿ ಕ್ರೈಸ್ತ ನಂಬಿಕೆಯನ್ನು ಸಮರ್ಥಿಸಲು ನಡೆದ ಪ್ರಯತ್ನಗಳು ಈ ಗೊಂದಲವನ್ನು ಹೇಗೆ ಎದುರಿಸಿದವು ಅಥವಾ ಎದುರಿಸದೆ ದಾಟಿದವು ಎಂಬುದನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಕ್ರೈಸ್ತ ಸಮರ್ಥನೆಗೆ ಮಾದರಿಯಾಗಿದ್ದವರು ವಿಲಿಯಂ ಪೇಲಿ. 1794ರಲ್ಲಿ ಹೊರಬಂದ ಅವರ ಕ್ರೈಸ್ತಧರ್ಮದ ಸಾಕ್ಷ್ಯಗಳನ್ನು ಕುರಿತ ಗ್ರಂಥವೂ 1802ರ ನಿಸರ್ಗ ದೇವಶಾಸ್ತ್ರದ ಗ್ರಂಥವೂ ಒಂದು ವಿಶ್ವಾಸದ ಮೇಲೆ ನಿಂತಿದ್ದವು: ಪವಾಡಗಳು, ಸಾಕ್ಷಿಗಳ ಪ್ರಾಮಾಣಿಕತೆ, ಸೃಷ್ಟಿಯಲ್ಲಿ ಕಾಣುವ ರಚನಾಕೌಶಲ ಇವುಗಳನ್ನು ಯಾವ ನಿಷ್ಪಕ್ಷಪಾತಿಯ ಮುಂದಿಟ್ಟರೂ ಅವನು ಒಪ್ಪಿಯೇ ತೀರಬೇಕು ಎಂಬುದು ಆ ವಿಶ್ವಾಸ. 1839ರಲ್ಲಿ ಜಾನ್ ಮ್ಯೂರ್ ಸಂಸ್ಕೃತದಲ್ಲಿ ಬರೆದ ‘ಮತಪರೀಕ್ಷಾ’ ಇದೇ ಹಾದಿಯದು. ಸತ್ಯಮತದ ಸ್ಥಾಪಕನು ಪವಾಡ ಮಾಡಿರಬೇಕು, ಪರಿಶುದ್ಧನಾಗಿರಬೇಕು, ಅದರ ಶಾಸ್ತ್ರ ಎಲ್ಲ ಮನುಷ್ಯರಿಗೂ ಸಲ್ಲಬೇಕು ಎಂದು ಅಳತೆಗೋಲುಗಳನ್ನು ಮೊದಲೇ ನಿಗದಿಪಡಿಸಿ, ಆಮೇಲೆ ಮತಗಳನ್ನು ಅಳೆಯುವುದು ಅದರ ಕ್ರಮ. ಪಂಡಿತರು ಸುಮ್ಮನಿರಲಿಲ್ಲ. ಉತ್ತರವಾಗಿ ಬಂದ ಕೃತಿಗಳಲ್ಲಿ ನೀಲಕಂಠ ಗೋರೆಯವರ ‘ಶಾಸ್ತ್ರತತ್ತ್ವವಿನಿರ್ಣಯ’ ಮುಖ್ಯವಾದುದು. ಶ್ರದ್ಧೆಯಿಲ್ಲದ ತರ್ಕ ತನ್ನ ಕಾಲಮೇಲೆ ನಿಲ್ಲಲಾರದು. ಮೊದಲು ಶಾಸ್ತ್ರದಲ್ಲಿ ಶ್ರದ್ಧೆ, ಆಮೇಲೆ ಅದರ ಬೆಳಕಿನಲ್ಲಿ ತರ್ಕ ಎಂಬುದು ಗೋರೆಯವರ ವಾದದ ತಿರುಳು. ಅಳತೆಗೋಲನ್ನು ಅಳೆಯುವುದಕ್ಕೆ ಇನ್ನೊಂದು ಅಳತೆಗೋಲು ಎಲ್ಲಿದೆ ಎಂಬ ಪ್ರಶ್ನೆಯನ್ನು ಅವರು ಎತ್ತಿದರು ಎನ್ನಬಹುದು. ಆ ಗೋರೆಯವರೇ 1848ರಲ್ಲಿ ಕ್ರೈಸ್ತರಾದರು, 1860ರಲ್ಲಿ ‘ಷಡ್ದರ್ಶನದರ್ಪಣ’ವನ್ನು ಬರೆದು ಹಳೆಯ ನೆಲೆಯನ್ನು ಖಂಡಿಸಿದರು. ನೆಲೆ ಬದಲಾದುದು ವಾದದಿಂದಲೇ, ಅಥವಾ ನೆಲೆ ಬದಲಾದ ಮೇಲೆ ವಾದಗಳು ಹೊಸದಾಗಿ ಕಂಡವೇ ಎಂಬ ಪ್ರಶ್ನೆಗೆ ಅವರ ಜೀವನ ಸುಲಭವಾದ ಉತ್ತರ ಕೊಡುವುದಿಲ್ಲ.

ಕನ್ನಡನಾಡಿನ ಸಂದರ್ಭ ಇದಕ್ಕಿಂತ ತುಸು ಬೇರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರಲ್ಲಿ ಅನೇಕರು ದಕ್ಷಿಣ ಜರ್ಮನಿಯ ಪೈಯೆಟಿಸ್ಟ್ ಭಕ್ತಿಪಂಥದ ಹಿನ್ನೆಲೆಯವರು. ಅವರಿಗೆ ಪೇಲಿಯ ಸಾಕ್ಷ್ಯಗಳಿಗಿಂತ ಪಾಪಪ್ರಜ್ಞೆ, ಪಶ್ಚಾತ್ತಾಪ, ಹೃದಯದ ಮಾರ್ಪಾಟು ಮುಖ್ಯವಾಗಿದ್ದವು. ಆದರೂ 1841ರಲ್ಲಿ ಸ್ಥಾಪನೆಯಾದ ಅವರ ಮುದ್ರಣಾಲಯದ ಕಿರುಹೊತ್ತಗೆಗಳಲ್ಲಿ ‘ದೇವ ವಿಚಾರಣೆ’, ‘ಜಾತಿ ವಿಚಾರಣೆ’ ಎಂಬ ಶೀರ್ಷಿಕೆಗಳು ಕಾಣಿಸಿಕೊಂಡವು. ವಿಚಾರಣೆ ಎಂಬ ಶಬ್ದವನ್ನು ಇಲ್ಲಿ ಗಮನಿಸಬೇಕು. ಕನ್ನಡದಲ್ಲಿ ಅದು ಜಿಜ್ಞಾಸೆಯೂ ಹೌದು, ಕಚೇರಿಯಲ್ಲಿ ಆಪಾದಿತನನ್ನು ನಿಲ್ಲಿಸಿ ನಡೆಸುವ ವ್ಯವಹಾರವೂ ಹೌದು. ಜಿಜ್ಞಾಸೆಯಲ್ಲಿ ಕೇಳುವವನೂ ಉತ್ತರ ತಿಳಿಯದವನು; ಕಚೇರಿಯ ವಿಚಾರಣೆಯಲ್ಲಿ ಕಾನೂನು ಮೊದಲೇ ಸಿದ್ಧವಾಗಿರುತ್ತದೆ. ಬರೆದವರು ಮೊದಲನೆಯ ಅರ್ಥವನ್ನು ಉದ್ದೇಶಿಸಿರಬಹುದು, ಓದಿದವರಿಗೆ ಎರಡನೆಯದು ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಕೇಳುಗರ ಕಡೆಯಿಂದ ಬಂದಿತು. ಕರಾವಳಿ ಮಾಧ್ವ ಪರಂಪರೆ ಬಲವಾಗಿ ಬೇರೂರಿದ ನಾಡು. ದೇವರಿದ್ದಾನೆಂದು ಅನುಮಾನಪ್ರಮಾಣದಿಂದ ಸಾಧಿಸುವ ಕಾರ್ಯವನ್ನು ನ್ಯಾಯದರ್ಶನದ ಉದಯನಾಚಾರ್ಯರು ‘ನ್ಯಾಯಕುಸುಮಾಂಜಲಿ’ಯಲ್ಲಿ ಕೈಗೊಂಡರು. ಪೇಲಿಗೆ ನಮ್ಮಲ್ಲಿ ಹತ್ತಿರದ ಸಂಬಂಧಿ ಅವರೇ. ಮಧ್ವಾಚಾರ್ಯರ ನಿಲುವು ಇದಕ್ಕೆ ವಿರುದ್ಧವಾದುದು. ವಿಷ್ಣುವನ್ನು ಸದಾಗಮದಿಂದ ಮಾತ್ರ ತಿಳಿಯಬಹುದು. ಆಗಮದ ಆಸರೆಯಿಲ್ಲದ ಅನುಮಾನ ಅವನನ್ನು ಮುಟ್ಟಲಾರದು. ವೇದ ಅಪೌರುಷೇಯವಾದುದರಿಂದ ಅದರ ಪ್ರಾಮಾಣ್ಯಕ್ಕೆ ಹೊರಗಿನ ಆಧಾರ ಬೇಕಿಲ್ಲ. ಜ್ಞಾನದ ಪ್ರಾಮಾಣ್ಯವನ್ನು ಒಳಗಿನ ಸಾಕ್ಷಿಯೇ ಗ್ರಹಿಸುತ್ತದೆ. ಹೀಗಿರುವಾಗ ದೇವರ ಇರವಿಗೆ ಸೃಷ್ಟಿಯಿಂದ ಪುರಾವೆ ತಂದವನು ಮಾಧ್ವನಿಗೆ ಅವನು ಕೇಳದ ಪ್ರಶ್ನೆಗೆ ಉತ್ತರ ಹೇಳಿದಂತಾಗುತ್ತದೆ. ಕ್ರೈಸ್ತ ಬೋಧಕನು ತನ್ನ ಪೂರ್ವಗೃಹೀತವನ್ನು ಸರ್ವಸಾಧಾರಣ ವಿವೇಕವೆಂದು ತಿಳಿದು ಮಾತನಾಡುತ್ತಿದ್ದಾಗ, ಎದುರು ಕುಳಿತವನು ತನ್ನ ಪೂರ್ವಗೃಹೀತವನ್ನು ಹೆಸರಿಟ್ಟು ಕರೆದು, ಅದಕ್ಕೆ ಶಾಸ್ತ್ರವನ್ನೇ ರಚಿಸಿಕೊಂಡಿದ್ದನು.

ಇಂಥ ವಾಗ್ವಾದ ಕನ್ನಡಕ್ಕೆ ಹೊಸದೂ ಆಗಿರಲಿಲ್ಲ. ಹನ್ನೆರಡನೆಯ ಶತಮಾನದ ಬ್ರಹ್ಮಶಿವನ ‘ಸಮಯಪರೀಕ್ಷೆ’, ಹದಿನಾಲ್ಕನೆಯ ಶತಮಾನದ ವೃತ್ತವಿಲಾಸನ ‘ಧರ್ಮಪರೀಕ್ಷೆ’ ಇವು ಅನ್ಯಮತಗಳನ್ನು ಒರೆಗೆ ಹಚ್ಚುವ ಜೈನಕೃತಿಗಳು. ಪುರಾಣದ ದೇವತೆಗಳ ನಡತೆಯನ್ನು ಹಿಡಿದು ಮೂದಲಿಸುವ ವಿಧಾನದಲ್ಲಿ ಬ್ರಹ್ಮಶಿವನಿಗೂ ಮಿಶನರಿಗಳಿಗೂ ಇರುವ ಹೋಲಿಕೆ ಬೆರಗು ಹುಟ್ಟಿಸುವಂಥದು. ಆದರೆ ಜೈನರಲ್ಲಿ ಒಂದು ಸ್ಪಷ್ಟತೆಯಿತ್ತು. ರತ್ನತ್ರಯದಲ್ಲಿ ಸಮ್ಯಗ್ದರ್ಶನ ಮೊದಲು, ಸಮ್ಯಗ್ಜ್ಞಾನ ಅನಂತರ. ಸಮ್ಯಗ್ದರ್ಶನವೆಂದರೆ ತತ್ತ್ವಾರ್ಥದಲ್ಲಿ ಶ್ರದ್ಧೆ. ಸಮಂತಭದ್ರರ ನಿರೂಪಣೆಯಲ್ಲಿ ಆಪ್ತ, ಆಗಮ, ತಪಸ್ವಿ ಇವರಲ್ಲಿ ಮೂಢತೆಯಿಲ್ಲದ ಶ್ರದ್ಧೆ. ಅರಿಯುವುದಕ್ಕಾಗಿ ನಂಬುತ್ತೇನೆ ಎಂಬ ಕ್ರೈಸ್ತ ಸಂತ ಆನ್ಸೆಲ್ಮರ ನಿಲುವಿಗೆ ಇದು ದೂರದ್ದಲ್ಲ. ಆದರೂ ಸಮಂತಭದ್ರರು ಅಷ್ಟಕ್ಕೆ ನಿಲ್ಲದೆ ‘ಆಪ್ತಮೀಮಾಂಸೆ’ಯಲ್ಲಿ ಆಪ್ತನನ್ನೇ ಪರೀಕ್ಷೆಗೆ ಒಡ್ಡುತ್ತಾರೆ. ದೇವತೆಗಳು ಬಂದು ಪೂಜಿಸಿದರು, ಆಕಾಶದಲ್ಲಿ ನಡೆದನು ಎಂಬ ಕಾರಣಗಳಿಂದ ಯಾರೂ ಆಪ್ತನಾಗುವುದಿಲ್ಲ, ಮಾಯಾವಿಗಳಲ್ಲಿಯೂ ಅವು ಕಂಡುಬರುತ್ತವೆ. ಯುಕ್ತಿಗೂ ಆಗಮಕ್ಕೂ ವಿರೋಧವಿಲ್ಲದ ಮಾತೇ ಆಪ್ತನ ಲಕ್ಷಣ ಎಂಬುದು ಅವರ ನಿರ್ಣಯ. ಪವಾಡದಿಂದ ಪ್ರಾಮಾಣ್ಯವನ್ನು ಸಾಧಿಸಹೊರಟ ಮ್ಯೂರರಿಗೆ ಈ ಉತ್ತರ ಹನ್ನೆರಡು ಶತಮಾನಗಳಿಗೂ ಹಿಂದೆಯೇ ಸಿದ್ಧವಾಗಿತ್ತು ಎಂದರೆ ತಪ್ಪಾಗದು.

ಪಾಶ್ಚಾತ್ಯ ಕ್ರೈಸ್ತ ಚಿಂತನೆಯಲ್ಲಿ ಪೇಲಿಯ ಹಾದಿಯನ್ನು ಒಳಗಿನಿಂದಲೇ ನಿರಾಕರಿಸಿದವರಲ್ಲಿ ಪ್ರಮುಖರು ಕಾರ್ನೀಲಿಯಸ್ ವಾನ್ ಟಿಲ್ (1895-1987). ಹಾಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಅವರು 1929ರಿಂದ ಫಿಲಡೆಲ್ಫಿಯದ ವೆಸ್ಟ್‌ಮಿನ್‌ಸ್ಟರ್ ಸೆಮಿನರಿಯಲ್ಲಿ ಬೋಧಿಸಿದರು. ನಂಬಿಕೆಯ ಸಮರ್ಥನೆಯನ್ನು ಕುರಿತ ಅವರ ಮುಖ್ಯ ಗ್ರಂಥ 1955ರದು. ವಿಶ್ವಾಸಿಗೂ ಅವಿಶ್ವಾಸಿಗೂ ನಡುವೆ ಯಾರಿಗೂ ಸೇರದ ಬಯಲು ಇಲ್ಲ ಎಂಬುದು ಅವರ ಮೊದಲ ಮಾತು. ಪ್ರತಿಯೊಂದು ಸಂಗತಿಯೂ ಯಾವುದೋ ಒಂದು ನೆಲೆಯಿಂದ ವ್ಯಾಖ್ಯಾನಗೊಂಡ ಸಂಗತಿಯೇ. ಅಂತಿಮ ಪ್ರಮಾಣವನ್ನು ಸಮರ್ಥಿಸುವ ವಾದ ಆ ಪ್ರಮಾಣವನ್ನೇ ಆಶ್ರಯಿಸಬೇಕಾದುದರಿಂದ ಅದು ಒಂದು ಬಗೆಯಲ್ಲಿ ವರ್ತುಲಾಕಾರದ್ದೇ. ತರ್ಕವನ್ನೇ ಅಂತಿಮವೆನ್ನುವವನೂ ಇದರಿಂದ ತಪ್ಪಿಸಿಕೊಳ್ಳಲಾರ. ಆದ್ದರಿಂದ ಸಮರ್ಥಕನು ಮಾಡಬಹುದಾದುದು ಇಷ್ಟು: ಬೈಬಲಿನ ದೇವರನ್ನು ಪೂರ್ವಗೃಹೀತವಾಗಿ ಒಪ್ಪದಿದ್ದರೆ ತರ್ಕ, ವಿಜ್ಞಾನ, ನೀತಿ ಯಾವುದಕ್ಕೂ ಬುಡವಿರುವುದಿಲ್ಲ ಎಂದು ತೋರಿಸುವುದು. ಅಪೊಸ್ತಲ ಪೌಲನು ಅಥೆನ್ಸಿನಲ್ಲಿ ‘ತಿಳಿಯದ ದೇವರಿಗೆ’ ಮೀಸಲಾದ ಬಲಿಪೀಠವನ್ನು ಪ್ರಸ್ತಾಪಿಸಿ ಮಾತಿಗಾರಂಭಿಸಿದ ಪ್ರಸಂಗವನ್ನು ಗ್ರೀಕರೊಡನೆ ಮಾಡಿಕೊಂಡ ಹೊಂದಾಣಿಕೆಯೆಂದು ಓದುವವರಿದ್ದಾರೆ. ವಾನ್ ಟಿಲ್ಲರು ಅದರಲ್ಲಿ ಎರಡು ನೆಲೆಗಳ ಸಂಘರ್ಷವನ್ನು ಓದಿದರು.

ಈ ವಾದಕ್ಕೆ ನಾವು ಸಲ್ಲಿಸಬೇಕಾದ ಗೌರವವಿದೆ. ತಾನು ಎಲ್ಲಿ ನಿಂತು ಮಾತನಾಡುತ್ತಿದ್ದೇನೆಂಬುದನ್ನು ಇದು ಬಚ್ಚಿಡುವುದಿಲ್ಲ. ಮ್ಯೂರರ ಅಳತೆಗೋಲುಗಳಿಗಿಂತ, ವಿಚಾರಣೆಯ ಹೆಸರಿನ ಹೊತ್ತಗೆಗಳಿಗಿಂತ ಇದು ಪ್ರಾಮಾಣಿಕವಾದುದು. ಆದರೆ ಮಂಗಳೂರಿನಲ್ಲಿಯೋ ಉಡುಪಿಯಲ್ಲಿಯೋ ನಿಂತು ಓದಿದರೆ ಇದರ ಮಿತಿ ಕೂಡಲೇ ಕಾಣುತ್ತದೆ. ವೇದವನ್ನು ಬಿಟ್ಟರೆ ಧರ್ಮಾಧರ್ಮಗಳ ಅರಿವಿಗೆ ಬುಡವೇ ಇಲ್ಲ ಎಂದು ಮೀಮಾಂಸಕನು ಹೇಳುವಾಗ ಅವನ ವಾದದ ಆಕಾರ ಇದೇ. ಇಬ್ಬರೂ ಒಂದೇ ಆಕಾರದ ವಾದವನ್ನು ಹಿಡಿದು ನಿಂತಾಗ ಆಕಾರದ ಬಲದಿಂದಲೇ ಯಾರೂ ಗೆಲ್ಲಲಾರರು. 1940ರಲ್ಲಿ ಆರ್. ಜಿ. ಕಾಲಿಂಗ್‌ವುಡ್ ಮೂಲಭೂತ ಪೂರ್ವಗೃಹೀತಗಳು ಸತ್ಯವೂ ಅಲ್ಲ ಮಿಥ್ಯೆಯೂ ಅಲ್ಲ, ಅವುಗಳಿಗೆ ಚರಿತ್ರೆ ಮಾತ್ರ ಇದೆ ಎಂದಿದ್ದರು. ಈ ಮಾತು ವಿಶ್ವಾಸಿಗೆ ಎಷ್ಟು ಒಪ್ಪಿಗೆಯಿಲ್ಲವೋ ಮೀಮಾಂಸಕನಿಗೂ ಅಷ್ಟೇ ಒಪ್ಪಿಗೆಯಿಲ್ಲ.

ವಾನ್ ಟಿಲ್ಲರ ವಾದದಲ್ಲಿ ನಮಗೆ ಕಾಣುವ ಇನ್ನೊಂದು ಕೊರತೆ ಭಾಷೆಗೆ ಸಂಬಂಧಿಸಿದುದು, ನಮ್ಮ ದೃಷ್ಟಿಯಲ್ಲಿ ಅದೇ ಹೆಚ್ಚು ಗಂಭೀರವಾದುದು. ಅವರು ಪೂರ್ವಗೃಹೀತಗಳು ತತ್ತ್ವವಾಕ್ಯಗಳ ರೂಪದಲ್ಲಿ ಒಂದು ವ್ಯವಸ್ಥೆಯಾಗಿ ಇರುತ್ತವೆಂದು ಭಾವಿಸುತ್ತಾರೆ. ಕನ್ನಡದ ಅನುಭವ ಹೇಳುವುದೇನೆಂದರೆ ಅವು ಶಬ್ದಗಳೊಳಗೆ ಇರುತ್ತವೆ. ಸಮರ್ಥಕನು ಬಾಯಿ ತೆರೆದು ದೇವರು, ಪಾಪ, ರಕ್ಷಣೆ, ಯಜ್ಞ ಎಂದ ಕ್ಷಣದಲ್ಲಿಯೇ ಕೇಳುಗನ ಪೂರ್ವಗೃಹೀತಗಳು ಅವನ ಮಾತಿನಲ್ಲಿ ಸೇರಿಹೋಗುತ್ತವೆ. ನಡುವೆ ಯಾರಿಗೂ ಸೇರದ ಬಯಲು ಇಲ್ಲ ಎಂಬುದು ನಿಜ. ಆದರೆ ತನ್ನದೇ ಎನ್ನಬಹುದಾದ ಬಯಲೂ ಸಮರ್ಥಕನಿಗೆ ಇಲ್ಲ.

ಯಜ್ಞ ಎಂಬ ಒಂದೇ ಶಬ್ದವನ್ನು ತೆಗೆದುಕೊಳ್ಳಬಹುದು. ಪ್ರೊಟೆಸ್ಟಂಟರ ಕನ್ನಡ ಬೈಬಲು ಮೋಶೆಯ ಧರ್ಮಶಾಸ್ತ್ರದ ಅರ್ಪಣೆಗಳನ್ನು ಸರ್ವಾಂಗಹೋಮ, ಸಮಾಧಾನಯಜ್ಞ ಎಂಬ ಶಬ್ದಗಳಿಂದ ಕರೆಯುತ್ತದೆ. ಯೋಹಾನನ ಸುವಾರ್ತೆಯ ದೇವರ ಕುರಿಮರಿಯನ್ನು ಪರಿಚಯಿಸುವಲ್ಲಿಯೂ ಯಜ್ಞವೆಂಬ ಮಾತು ಸೇರಿಕೊಂಡಿದೆ. ಫರ್ಡಿನಾಂಡ್ ಕಿಟ್ಟೆಲ್ (1832-1903) ಈ ಶಬ್ದದ ಬೆಲೆಯನ್ನು ಚೆನ್ನಾಗಿ ಬಲ್ಲವರು. 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ದೇಶೀಯ ಪದ್ಯಬಂಧಗಳಲ್ಲಿ ಹಾಡಿದ ಅವರು ‘ಯಜ್ಞಸುಧಾನಿಧಿ’ಯಲ್ಲಿ ಈ ನಾಡಿನ ಯಜ್ಞಕಲ್ಪನೆಯನ್ನೇ ಮೆಟ್ಟಿಲಾಗಿಸಿ ಕ್ರಿಸ್ತನ ಆತ್ಮಾರ್ಪಣೆಯತ್ತ ಓದುಗನನ್ನು ಕರೆದೊಯ್ಯಲು ಯತ್ನಿಸಿದರು. ಬಂಗಾಳದ ಕೃಷ್ಣಮೋಹನ ಬ್ಯಾನರ್ಜಿಯವರು 1875ರಲ್ಲಿ ಪ್ರಜಾಪತಿಯ ಯಜ್ಞವನ್ನು ಹಿಡಿದು ಇದೇ ದಾರಿಯಲ್ಲಿ ನಡೆದರು. ಎದುರಾಳಿಯ ನೆಲೆಯನ್ನು ಕೆಡವದೆ ಅದರ ಮೇಲೆಯೇ ಕಟ್ಟುವ ಈ ಪ್ರಯತ್ನವನ್ನು ವಾನ್ ಟಿಲ್ಲರು ಒಪ್ಪುತ್ತಿರಲಿಲ್ಲ. ನಾವು ಕಿಟ್ಟೆಲರ ಪಕ್ಷದವರು. ಭಾಷೆಯನ್ನು ಪ್ರೀತಿಸಿದವನಿಗೆ ಬೇರೆ ದಾರಿಯಿಲ್ಲ.

ಆದರೆ ಯಜ್ಞ ಶಬ್ದ ಅಷ್ಟು ಸುಲಭವಾಗಿ ಬಗ್ಗುವಂಥದಲ್ಲ. ಮೀಮಾಂಸಕನಿಗೆ ಯಜ್ಞವೆಂದರೆ ವಿಧಿಯ ಪಾಲನೆ. ದೇವತೆ ಅಲ್ಲಿ ಗೌಣ, ಮುನಿದ ದೇವರನ್ನು ಒಲಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಮಾಧ್ವರಲ್ಲಿ ಪಿಷ್ಟಪಶು ಎಂಬ ವ್ಯವಸ್ಥೆ ಬಂದಿತು, ಹಿಟ್ಟಿನಿಂದ ಮಾಡಿದ ಪಶುವೇ ಸಾಕು. ರಕ್ತ ಸುರಿಯದೆ ಕ್ಷಮೆಯಿಲ್ಲ ಎಂಬ ಮಾತು ಅವರಿಗೆ ಎಷ್ಟು ದೂರದ್ದೆಂದು ಊಹಿಸಬಹುದು. ಇನ್ನು ಜನ್ನನ ‘ಯಶೋಧರ ಚರಿತೆ’ (1209)ಯನ್ನು ಬಲ್ಲವನಿಗೆ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟುದೇ ತಾಯಿಮಕ್ಕಳನ್ನು ಜನ್ಮಜನ್ಮಾಂತರಗಳ ನೋವಿಗೆ ತಳ್ಳಿದ ಪಾಪ. ಕೈ ಮಾಡದಿದ್ದರೂ ಮನಸ್ಸು ಮಾಡಿದ ಹಿಂಸೆ ಅದು. ಬಲಿಯಿಂದ ಪಾಪ ಕಳೆಯುತ್ತದೆಂಬುದು ಬೋಧಕನ ಪೂರ್ವಗೃಹೀತ, ಬಲಿಯಿಂದ ಪಾಪ ಹುಟ್ಟುತ್ತದೆಂಬುದು ಜನ್ನನ ಓದುಗನದು. ಕಥೋಲಿಕರು ತಮ್ಮ ಆರಾಧನೆಯನ್ನು ಬಲಿಪೂಜೆ ಎಂದು ಕರೆದರು. ಆ ಸಮಾಸದ ಮೊದಲ ಪದ ಮಾರಿಗುಡಿಯನ್ನೂ ಎರಡನೆಯದು ದೇವಸ್ಥಾನವನ್ನೂ ನೆನಪಿಗೆ ತರುತ್ತದೆ. ದಿನವೂ ಅದನ್ನು ಆಡುವ ಕನ್ನಡ ಕ್ರೈಸ್ತರಿಗೆ ಎರಡೂ ಕೇಳಿಸುವುದಿಲ್ಲ. ಬಳಕೆ ಶಬ್ದವನ್ನು ತೊಳೆಯುತ್ತದೆ, ಆದರೆ ಬಳಸುವ ಸಮುದಾಯದ ಒಳಗೆ ಮಾತ್ರ.

ಕೇಳುಗರು ತಮ್ಮ ಪೂರ್ವಗೃಹೀತದ ಮೂಲಕವೇ ಸುವಾರ್ತೆಯನ್ನು ಸ್ವೀಕರಿಸಿದ ಒಂದು ಪ್ರಸಂಗವೂ ನಮ್ಮ ಚರಿತ್ರೆಯಲ್ಲಿದೆ. 1840ರ ಆಸುಪಾಸಿನಲ್ಲಿ ಹುಬ್ಬಳ್ಳಿ-ಧಾರವಾಡ ಸೀಮೆಯಲ್ಲಿ ಕಾಲಜ್ಞಾನವನ್ನು ನಂಬಿದ ಜನರ ಗುಂಪೊಂದು ಮಿಶನರಿಗಳ ಬಳಿಗೆ ಬಂದಿತು. ಬರಲಿರುವ ಹೊಸ ಕಾಲವನ್ನು ಕುರಿತ ತಮ್ಮ ಭವಿಷ್ಯವಾಣಿಗಳು ಈ ಬೋಧಕರಲ್ಲಿ ನಿಜವಾಗುತ್ತಿವೆ ಎಂದು ಅವರು ಬಗೆದರು. ಹರ್ಮನ್ ಮೋಗ್ಲಿಂಗರಂಥವರಲ್ಲಿಯೂ ದೊಡ್ಡ ಆಸೆ ಹುಟ್ಟಿತು. ಅವರನ್ನು ನೆಲೆಗೊಳಿಸುವ ಉದ್ದೇಶದಿಂದ ಗದಗದ ಸಮೀಪದ ಮಲಸಮುದ್ರದಲ್ಲಿ ಒಕ್ಕಲು ನೆಲೆಯೊಂದು ಸಿದ್ಧವಾಯಿತು. ಆಸೆ ಕೈಗೂಡಲಿಲ್ಲ. ಇದನ್ನು ಜನರ ಚಾಂಚಲ್ಯವೆಂದೋ ಬೋಧಕರ ಭೋಳೆತನವೆಂದೋ ಕರೆದು ಮುಗಿಸುವುದು ಸರಿಯಲ್ಲ. ಎರಡೂ ಕಡೆಯವರು ಒಂದೇ ಘಟನೆಯನ್ನು ತಂತಮ್ಮ ಗ್ರಂಥದಲ್ಲಿ ಮೊದಲೇ ಓದಿಕೊಂಡಿದ್ದರು. ಒಪ್ಪಿಗೆಯ ಮಾತುಗಳೆಲ್ಲ ಹೊಂದಿಕೊಂಡವು, ಅವುಗಳ ಕೆಳಗಿನ ನೆಲ ಹೊಂದಲಿಲ್ಲ.

ಇಲ್ಲಿಯವರೆಗೆ ವಿಶ್ವಾಸಿಯ ಪೂರ್ವಗೃಹೀತಗಳನ್ನು ಪರಿಶೀಲಿಸಿದ ನಾವು ವಿಮರ್ಶಕನದನ್ನು ಬಿಟ್ಟುಬಿಡುವಂತಿಲ್ಲ. ಎಸ್. ಎನ್. ಬಾಲಗಂಗಾಧರ ಅವರ 1994ರ ಇಂಗ್ಲಿಷ್ ಗ್ರಂಥ, ರಾಜಾರಾಮ ಹೆಗಡೆಯವರ ‘ಸ್ಮೃತಿ-ವಿಸ್ಮೃತಿ: ಭಾರತೀಯ ಸಂಸ್ಕೃತಿ’ಯ ಮೂಲಕ ಕನ್ನಡಕ್ಕೆ ಬಂದ ವಿಚಾರ, ಈ ದಿಕ್ಕಿನಲ್ಲಿ ನಮ್ಮನ್ನು ಎಚ್ಚರಿಸಿದೆ. ಎಲ್ಲ ಸಂಸ್ಕೃತಿಗಳಿಗೂ ಒಂದು ರಿಲಿಜನ್ ಇದ್ದೇ ಇರುತ್ತದೆಂಬ ಎಣಿಕೆ ಕ್ರೈಸ್ತ ದೇವಶಾಸ್ತ್ರದಿಂದ ಬಂದುದು, ಸೆಕ್ಯುಲರ್ ಸಂಶೋಧನೆ ಅದನ್ನು ಅರಿಯದೆಯೇ ಹೊತ್ತು ನಡೆದಿದೆ ಎಂಬುದು ಆ ವಾದ. ಇದನ್ನು ಪೂರ್ತಿ ಒಪ್ಪಿದರೆ, ಕ್ರೈಸ್ತನಿಗೆ ‘ನಿನ್ನ ನಂಬಿಕೆಯನ್ನು ಸಮರ್ಥಿಸು’ ಎಂದು ಕೇಳುವವನೂ ಕ್ರೈಸ್ತ ಪೂರ್ವಗೃಹೀತದ ಮೇಲೆಯೇ ನಿಂತು ಕೇಳುತ್ತಿದ್ದಾನೆ ಎಂದಾಗುತ್ತದೆ. ಮಾರ್ಮಿಕವಾದ ಮಾತು. ಆದರೆ ಇದರಲ್ಲಿ ನಮಗೆ ಒಂದು ಅಸಮಾಧಾನವಿದೆ. ಬ್ರಹ್ಮಶಿವನೂ ಸಮಂತಭದ್ರರೂ ಮಧ್ವರೂ ಒಬ್ಬರನ್ನೊಬ್ಬರು ನಿನ್ನ ಪ್ರಮಾಣ ಯಾವುದು ಎಂದು ಕೇಳಿದವರೇ. ಸಮರ್ಥನೆಯನ್ನು ಕೇಳುವ ಮತ್ತು ಕೊಡುವ ಅಭ್ಯಾಸ ಮಂಗಳೂರಿಗೆ ಹಡಗಿನಲ್ಲಿ ಬಂದಿಳಿದ ವಸ್ತುವಲ್ಲ.

ಓಲ್ಡ್ ರಾಜಿಂದರ್ ನಗರದ ಆ ಅಭ್ಯರ್ಥಿಗೆ ನಾವು ಇಷ್ಟೆಲ್ಲವನ್ನೂ ಹೇಳಲಿಲ್ಲ. ಪೂರ್ವಗೃಹೀತವನ್ನು ಒಪ್ಪಿಕೊಂಡವನು ಅದನ್ನು ಹೆಸರಿಸಿದ್ದಾನೆ, ಇನ್ನೊಬ್ಬರ ಪ್ರಶ್ನೆಗೆ ತೆರೆದಿಟ್ಟಿದ್ದಾನೆ. ಪೂರ್ವಗ್ರಹಿಗೆ ತನ್ನದು ಒಂದು ನೆಲೆಯೆಂಬ ಅರಿವೇ ಇರುವುದಿಲ್ಲ ಎಂದಷ್ಟೇ ಹೇಳಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, ತಮ್ಮ ಮನೆಯಲ್ಲಿ ಹಿರಿಯರು ನಂಬಿಕೆ ಎಂಬ ಮಾತನ್ನು ದೇವರ ವಿಷಯದಲ್ಲಿ ಬಳಸುವಂತೆಯೇ ಮನುಷ್ಯರ ವಿಷಯದಲ್ಲಿಯೂ, “ಅವರು ನಂಬಿಕೆಯ ಜನ” ಎಂದು, ಬಳಸುತ್ತಾರೆಂದರು. ಈ ಮಾತು ನಮ್ಮನ್ನು ತಡೆದು ನಿಲ್ಲಿಸಿತು. ಕನ್ನಡದಲ್ಲಿ ನಂಬಿಕೆ ನಂಬುವವನ ಗುಣವೂ ಹೌದು, ನಂಬಿಸಿಕೊಳ್ಳುವವನ ಗುಣವೂ ಹೌದು. ಸಮಂತಭದ್ರರ ಆಪ್ತನೂ ಹೀಗೆಯೇ: ಮೊದಲ ಪ್ರಶ್ನೆ ಯಾವ ವಾಕ್ಯವನ್ನು ಒಪ್ಪುತ್ತೀಯೆ ಎಂಬುದಲ್ಲ, ಯಾರ ಮಾತಿಗೆ ಬೆಲೆ ಕೊಡುತ್ತೀಯೆ, ಏಕೆ ಎಂಬುದು. ವಾನ್ ಟಿಲ್ಲರು ವ್ಯವಸ್ಥೆಯನ್ನು ಕಟ್ಟುವ ಭರದಲ್ಲಿ ಈ ವ್ಯಕ್ತಿನಿಷ್ಠವಾದ ನೆಲೆಯನ್ನು ಹಿಂದೆ ಸರಿಸಿದರೆಂದು ನಮಗೆ ತೋರುತ್ತದೆ. ಪೈಯೆಟಿಸ್ಟ್ ಬೋಧಕರು ತಮ್ಮ ತರ್ಕದಲ್ಲಿ ಅಲ್ಲವಾದರೂ ತ್ರಾಣವುಳ್ಳ ಕಡೆಗಳಲ್ಲಿ ಅದನ್ನು ಬಲ್ಲವರಾಗಿದ್ದರು. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದು ಮುಂದೆ ಬಾಸೆಲಿನಲ್ಲಿ ಓದಿ 1851ರಲ್ಲಿ ಪಾದ್ರಿಯಾದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು ತಮ್ಮ ಹೆಸರಿನೊಂದಿಗೆ ಹರ್ಮನ್ ಎಂದು ಸೇರಿಸಿಕೊಂಡರು. ಅದು ಮೋಗ್ಲಿಂಗರ ಹೆಸರು.

ಎರಡು ದಿನಗಳ ಮೇಲೆ ಆ ಅಭ್ಯರ್ಥಿ ತಮ್ಮ ಉತ್ತರವನ್ನು ಹೊಸದಾಗಿ ಬರೆದು ತಂದು ತೋರಿಸಿದರು. ಆಪ್ತ ಎಂಬ ಶಬ್ದದಿಂದ ಅದು ಆರಂಭವಾಗಿತ್ತು. 150 ಶಬ್ದಗಳ ಮಿತಿಯನ್ನು ಬಹಳವಾಗಿ ಮೀರಿತ್ತು. ಎಲ್ಲಿ ಕತ್ತರಿಸಬೇಕೆಂದು ಇಬ್ಬರೂ ಕುಳಿತು ನೋಡಿದೆವು.